ಕರ್ಣನನ್ನು ಮೆಚ್ಚುವುದು ತಪ್ಪೆ?

ಕಾವ್ಯಗಳಲ್ಲಿಯೂ ಕಥೆಗಳಲ್ಲಿಯೂ ನಾವು ಸಂಧಿಸುವ ಜನರಲ್ಲಿ ಕೆಲವರನ್ನು ಗೌರವಿಸುತ್ತೇವೆ, ಕೆಲವರನ್ನು ಪ್ರೀತಿಸುತ್ತೇವೆ. ಈ ಎರಡು ಪಂಗಡದವರೂ ಒಂದೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ವಿದುರನ ನೀತಿಯನ್ನು ಕೇಳಿ ತಲೆದೂಗುತ್ತೇವೆ. ಆದರೆ ವಿದುರನಿಗಾಗಿ ಕಣ್ಣೀರಿಟ್ಟವರನ್ನು ನಾನು ಈವರೆಗೆ ಕಂಡಿಲ್ಲ. ಕರ್ಣನಿಗಾಗಿ ಕಣ್ಣೀರಿಟ್ಟವರೋ ನಮ್ಮ ನಾಡಿನಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಕರ್ಣನು ಅಧರ್ಮದ ಪಕ್ಷದಲ್ಲಿ ನಿಂತು ಹೋರಾಡಿದನೆಂಬುದನ್ನು ಅರಿಯದವರು ಅವರಲ್ಲಿ ಒಬ್ಬರೂ ಇರಲಾರರು. ಅರಿತೂ ಅರಿತೂ ಅವನಿಗೆ ಮನಸೋತರು. ಇದು ನಮ್ಮ ಬುದ್ಧಿಯ ದೌರ್ಬಲ್ಯವೊ, ಹೃದಯದ ಔದಾರ್ಯವೊ ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಈ ವಿಚಾರವನ್ನು ನನ್ನ ತಲೆಗೆ ಹಾಕಿದವರು ನಮ್ಮ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳೇ. ಭಾರತದ ಕಥೆಯನ್ನು ಹೇಳುತ್ತಿದ್ದ ಒಂದು ದಿನ, ಸಾಮಾನ್ಯವಾಗಿ ಮಾತನಾಡದ ಹುಡುಗನೊಬ್ಬನು ಎದ್ದು ನಿಂತು, “ಸರ್, ನನಗೆ ಕರ್ಣನೇ ಇಷ್ಟ. ಎಲ್ಲರೂ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ, ನೀನು ಯಾರ ಮಗನೆಂದು. ದುರ್ಯೋಧನ ಮಾತ್ರ ಅದನ್ನು ಕೇಳಲಿಲ್ಲ” ಎಂದನು. ಈ ಮಹಾನಗರದಲ್ಲಿ ಹೊಸಬರು ಎದುರಾದಾಗಲೆಲ್ಲ ‘ಯಾವ ಊರು, ಯಾವ ಜನ’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ದಣಿದ ಮನೆಯಿಂದ ಬಂದ ಹುಡುಗ ಅವನು. ಅವನ ಮಾತಿನಲ್ಲಿ ಪುಸ್ತಕದ ಪಾಂಡಿತ್ಯವಿರಲಿಲ್ಲ, ಅನುಭವವಿತ್ತು.

ಅವನು ಕುಳಿತುಕೊಳ್ಳುವ ಮೊದಲೇ ಹುಡುಗಿಯೊಬ್ಬಳು ಎದ್ದಳು. “ಸರ್, ದ್ರೌಪದಿಯನ್ನು ಸಭೆಗೆ ಎಳೆದು ತಂದಾಗ ಕರ್ಣನೂ ಅಲ್ಲಿಯೇ ಇದ್ದನಲ್ಲವೆ? ಅವನು ಆಡಿದ ಮಾತನ್ನು ಕೇಳಿದ ಮೇಲೆಯೂ ಅವನನ್ನು ಹೇಗೆ ಮೆಚ್ಚುವುದು?” ಎಂದು ಕೇಳಿದಳು. ಹಿಂದಿನ ಸಾಲಿನಿಂದ ಮೂರನೆಯ ಧ್ವನಿಯೊಂದು ಬಂದಿತು: “ಕವಿಗೇ ಅವನು ಮೆಚ್ಚುಗೆಯಾಗಿದ್ದರೆ ನಾವೂ ಮೆಚ್ಚಬಹುದು. ಕವಿ ಏನೆಂದುಕೊಂಡು ಬರೆದನೋ ಅದೇ ಅಲ್ಲವೆ ಸರಿ?” ಅಷ್ಟರಲ್ಲಿ ಗಂಟೆ ಹೊಡೆಯಿತು. ಗಣಿತದ ಅಧ್ಯಾಪಕರು ಬಾಗಿಲಲ್ಲಿ ಬಂದು ನಿಂತಿದ್ದರು. ಆದುದರಿಂದ ಮೂವರಿಗೂ ಕೊಡಬೇಕಾದ ಉತ್ತರವನ್ನು ಈ ವಾರ್ಷಿಕ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ.

ಮೂರನೆಯ ಪ್ರಶ್ನೆಯಿಂದಲೇ ತೊಡಗುತ್ತೇನೆ. ಕವಿಯ ಉದ್ದೇಶವೇನೆಂಬುದು ಬಹುಪಾಲು ಕಾವ್ಯಗಳಲ್ಲಿ ಊಹೆಯ ಮಾತು. ಆದರೆ ನಮ್ಮ ಆದಿಕವಿ ಪಂಪನ ವಿಷಯದಲ್ಲಿ ಊಹೆಗೆ ಎಡೆಯಿಲ್ಲ. ಕ್ರಿ. ಶ. 941ರಲ್ಲಿ ಅವನು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ಅವನ ಆಶ್ರಯದಾತನು ವೇಮುಲವಾಡದ ಚಾಲುಕ್ಯ ಅರಸನಾದ ಇಮ್ಮಡಿ ಅರಿಕೇಸರಿ. ಆ ಅರಸನನ್ನು ಅರ್ಜುನನೊಡನೆ ಒಂದಾಗಿಸಿ, ಅರ್ಜುನನನ್ನೇ ಕಥಾನಾಯಕನನ್ನಾಗಿ ಮಾಡಿ ಹಾಡುವುದು ಪಂಪನು ಕೈಗೊಂಡ ಕಾರ್ಯ. ಅದಕ್ಕಾಗಿ ಅವನು ಮೂಲಕಥೆಯನ್ನೂ ತಿದ್ದಿದನು. ದ್ರೌಪದಿಯು ಅವನ ಕಾವ್ಯದಲ್ಲಿ ಅರ್ಜುನನೊಬ್ಬನಿಗೇ ಪತ್ನಿ. ಇಷ್ಟು ಸ್ಪಷ್ಟವಾದ ಉದ್ದೇಶವುಳ್ಳ ಕಾವ್ಯ ಮತ್ತೊಂದು ದೊರೆಯುವುದು ಕಷ್ಟ.

ಹಾಗಿದ್ದೂ ಆ ಕಾವ್ಯದಲ್ಲಿ ಏನಾಯಿತೆಂಬುದನ್ನು ನೋಡಿರಿ. ಕರ್ಣನು ಕಾಲಿಟ್ಟ ಕಡೆಯಲ್ಲೆಲ್ಲ ಪಂಪನ ಲೇಖನಿಗೆ ಹೊಸ ಕಳೆ ಬರುತ್ತದೆ. ಸೇನಾಪತಿಯ ಪಟ್ಟದ ಸಂದರ್ಭದಲ್ಲಿ ಹಿರಿಯರು ಕುಲದ ಮಾತನ್ನೆತ್ತಿದಾಗ, ಮನುಷ್ಯನ ಕುಲವು ಅವನ ಹುಟ್ಟಿನಲ್ಲಿಲ್ಲ, ಅವನ ಗುಣದಲ್ಲಿಯೂ ನಡೆಯಲ್ಲಿಯೂ ಇದೆ ಎಂಬ ಅರ್ಥದ ಉತ್ತರವನ್ನು ಪಂಪನು ಕರ್ಣನ ಬಾಯಲ್ಲಿ ಆಡಿಸಿದ್ದಾನೆ. ಕರ್ಣನು ಬಿದ್ದಾಗಲಂತೂ ಕವಿಯು ಕಥೆಯನ್ನು ಕ್ಷಣಕಾಲ ನಿಲ್ಲಿಸಿ, ತಾನೇ ಓದುಗನ ಕಡೆಗೆ ತಿರುಗಿ, ಭಾರತದಲ್ಲಿ ಯಾರನ್ನಾದರೂ ಏಕಚಿತ್ತದಿಂದ ನೆನೆಯುವುದಾದರೆ ಕರ್ಣನನ್ನು ನೆನೆ ಎಂದು ಹೇಳುತ್ತಾನೆ. ಅರ್ಜುನನನ್ನು ಹೊಗಳಲು ಹೊರಟವನ ಬಾಯಿಂದ ಬಂದ ಮಾತು ಇದು. ಭಾರತದ ವೀರರ ಗುಣಗಳನ್ನು ಎಣಿಸುವ ಕೊನೆಯ ಭಾಗದಲ್ಲಿ ದುರ್ಯೋಧನನಿಗೂ ಅವನ ಛಲಕ್ಕಾಗಿ ಒಂದು ಸ್ಥಾನ ದೊರೆತಿದೆ.

ಇಲ್ಲಿ ಪಂಪನ ಉದ್ದೇಶ ಯಾವುದು? ಅರಸನಿಗೆ ಕೊಟ್ಟ ಮಾತೊ, ಕರ್ಣನ ಬಳಿಯಲ್ಲಿ ನಿಂತಾಗ ಹೊರಬಂದ ಮಾತೊ? ಎರಡೂ ಅವನವೇ. ಮೊದಲನೆಯದು ಕಾವ್ಯವನ್ನು ಆರಂಭಿಸುವಾಗ ಅವನು ಮಾಡಿಕೊಂಡ ಸಂಕಲ್ಪ. ಎರಡನೆಯದು ಬರೆಯುತ್ತ ಬರೆಯುತ್ತ ಅವನು ಕಂಡ ಸತ್ಯ. ಒಬ್ಬ ಮನುಷ್ಯನ ಬದುಕನ್ನು ಒಳಹೊಕ್ಕು ನೋಡಿದವನಿಗೆ ಅವನನ್ನು ಬರಿಯ ಶತ್ರುವೆಂದು ತಳ್ಳಿಬಿಡುವುದು ಸಾಧ್ಯವಾಗುವುದಿಲ್ಲ. ಸಂಕಲ್ಪಕ್ಕಿಂತ ಕಾಣ್ಕೆ ದೊಡ್ಡದಾಗುವುದು ಮಹಾಕವಿಯ ಲಕ್ಷಣ.

ಹತ್ತನೆಯ ಶತಮಾನದ ಕೊನೆಯ ಭಾಗದ ರನ್ನನಲ್ಲಿ ಇದೇ ಸಂಗತಿ ಇನ್ನೂ ತೀವ್ರವಾಗಿ ಕಾಣುತ್ತದೆ. ಅವನ ಕಾವ್ಯದ ಹೆಸರೇ ‘ಸಾಹಸಭೀಮ ವಿಜಯ’. ಚಾಲುಕ್ಯರ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಿಗೆ ಸಮೀಕರಿಸಿ ಬರೆದುದು. ಆದರೆ ಆ ಕಾವ್ಯವನ್ನು ಓದಿ ಮುಚ್ಚಿಟ್ಟವನ ಕಣ್ಣಿನ ಮುಂದೆ ನಿಲ್ಲುವವನು ಭೀಮನಲ್ಲ, ದುರ್ಯೋಧನ. ಅವನು ಹೆಣಗಳ ನಡುವೆ ನಡೆದು ಬರುತ್ತಾನೆ. ದ್ರೋಣನನ್ನು, ತಮ್ಮನಾದ ದುಶ್ಶಾಸನನನ್ನು, ಮಗನಾದ ಲಕ್ಷಣಕುಮಾರನನ್ನು, ಗೆಳೆಯನಾದ ಕರ್ಣನನ್ನು ಕಂಡು ಮರುಗುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆ ನಿಂತು, ತನಗೂ ಅಂತಹ ಮರಣ ದೊರೆಯಲೆಂದು ಹಾರೈಸುತ್ತಾನೆ. ಬಿ. ಎಂ. ಶ್ರೀಕಂಠಯ್ಯನವರು ಈ ಕಾವ್ಯವನ್ನು ಆಧರಿಸಿ ‘ಗದಾಯುದ್ಧ ನಾಟಕಂ’ ರಚಿಸಿದಾಗ, ದುರ್ಯೋಧನನ ಕಥೆಯನ್ನು ಒಂದು ದುರಂತವಾಗಿ ಕಾಣಿಸಿದರು. ರನ್ನನು ಹೀಗಾಗಲೆಂದು ಬಯಸಿದ್ದನೆ? ತಿಳಿಯುವ ಬಗೆಯಿಲ್ಲ. ಆದರೆ ಆ ದುರಂತದ ಬೀಜವು ರನ್ನನ ಪದ್ಯಗಳಲ್ಲಿ ಇಲ್ಲದೆ ಹೋಗಿದ್ದರೆ ಶ್ರೀಕಂಠಯ್ಯನವರಿಗೆ ಅದು ಕಾಣುತ್ತಿರಲಿಲ್ಲ.

ಇದು ಕನ್ನಡದಲ್ಲಿ ಮಾತ್ರ ನಡೆದುದಲ್ಲ. ಇಂಗ್ಲೆಂಡಿನ ಮಿಲ್ಟನ್ ಕವಿಯು ದೇವರ ನಡೆಯನ್ನು ಮನುಷ್ಯರಿಗೆ ಸಮರ್ಥಿಸಿ ತೋರಿಸುವೆನೆಂದು ಹೇಳಿಕೊಂಡು 1667ರಲ್ಲಿ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯವನ್ನು ಪ್ರಕಟಿಸಿದನು. ಓದುಗರ ಮನಸ್ಸನ್ನು ಸೆಳೆದವನು ದೇವರಿಗೆ ತಿರುಗಿಬಿದ್ದ ಸೈತಾನ. ಮಿಲ್ಟನ್ ತನಗೇ ತಿಳಿಯದೆ ಸೈತಾನನ ಪಕ್ಷದವನಾಗಿದ್ದನೆಂದು ಮುಂದೆ ಬ್ಲೇಕ್ ಕವಿ ಹೇಳಿದನು. ಬಂಗಾಲದ ಮೈಕೇಲ್ ಮಧುಸೂದನ ದತ್ತನಾದರೊ ತಿಳಿದೇ ಆ ದಾರಿಯನ್ನು ಹಿಡಿದು, 1861ರ ‘ಮೇಘನಾದವಧ’ ಕಾವ್ಯದಲ್ಲಿ ರಾವಣನ ಮಗನಿಗೆ ನಾಯಕನ ಸ್ಥಾನವನ್ನು ಕೊಟ್ಟನು.

ಹಾಗಾದರೆ ಕವಿಯ ಉದ್ದೇಶಕ್ಕೆ ಬೆಲೆಯೇ ಇಲ್ಲವೆ? ಓದುಗನು ತನಗೆ ತೋಚಿದಂತೆ ಅರ್ಥ ಮಾಡಿಕೊಳ್ಳಬಹುದೆ? ಹಾಗಲ್ಲ. ಈ ಮಾತನ್ನು ತಿಳಿಸುವುದಕ್ಕೆ ನನಗೆ ದೊಡ್ಡ ವಿಮರ್ಶಾಗ್ರಂಥಗಳಿಗಿಂತ ನಮ್ಮ ಕರಾವಳಿಯ ತಾಳಮದ್ದಳೆಯೇ ಹೆಚ್ಚು ನೆರವಾಗಿದೆ. ತಾಳಮದ್ದಳೆಯೆಂದರೆ ವೇಷವೂ ಕುಣಿತವೂ ಇಲ್ಲದ ಯಕ್ಷಗಾನ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಕುಳಿತಿರುವ ಅರ್ಥಧಾರಿಗಳು ಆ ಪದ್ಯಕ್ಕೆ ತಮ್ಮ ತಮ್ಮ ಪಾತ್ರವಾಗಿ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಪದ್ಯವು ಕವಿಯದು, ಅದರಲ್ಲಿ ಒಂದಕ್ಷರವೂ ಬದಲಾಗದು. ಅರ್ಥವೊ ಆ ಕ್ಷಣದಲ್ಲಿ ಹುಟ್ಟುವುದು. ನಿನ್ನೆಯ ರಾತ್ರಿಯಂತೆ ಇಂದಿನ ರಾತ್ರಿ ಇರುವುದಿಲ್ಲ. ಕಾಸರಗೋಡಿನ ನೆಲದವರಾದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ರಾವಣ, ವಾಲಿ, ಕೌರವ ಮೊದಲಾದ ಪಾತ್ರಗಳ ಪಕ್ಷವನ್ನು ಹಿಡಿದು ಮಾತಾಡುವುದರಲ್ಲಿ ನಾಡಿಗೆಲ್ಲ ಹೆಸರಾಗಿದ್ದರು. ಆದರೆ ಎಂತಹ ಮಾತುಗಾರನೇ ಆಗಲಿ, ವಾಲಿಯ ವಾದದಿಂದ ರಾಮನ ಬಾಣವನ್ನು ತಪ್ಪಿಸಲಾರನು. ಪದ್ಯದಲ್ಲಿ ವಾಲಿಯು ಬೀಳುತ್ತಾನೆ, ಅರ್ಥದಲ್ಲಿಯೂ ಬೀಳಲೇಬೇಕು. ಓದುಗನ ಸ್ವಾತಂತ್ರ್ಯವೂ ಇಷ್ಟೇ, ಹೀಗೆಯೇ. ಪದ್ಯವನ್ನು ಮೀರದೆ ಅರ್ಥ ಹೇಳಬೇಕು. ಆದರೆ ಅರ್ಥ ಹೇಳುವವನು ನಾವೇ ಆಗಿರಬೇಕು.

ನಾನು ಮುಂಬಯಿಗೆ ಬಂದ ಮೊದಲ ವರ್ಷಗಳಲ್ಲಿ ಹಗಲು ಹೋಟೆಲಿನಲ್ಲಿ ಕೆಲಸ ಮಾಡಿ ಇರುಳು ಶಾಲೆಗೆ ಹೋಗುತ್ತಿದ್ದೆನು. ಅಲ್ಲಿ ನಮ್ಮ ಕಡೆಯವರೇ ಆದ ಹಿರಿಯ ಅಡುಗೆಯವರೊಬ್ಬರಿದ್ದರು. ಹುಡುಗರೆಲ್ಲ ಅವರನ್ನು ‘ಅಣ್ಣ’ನೆಂದೇ ಕರೆಯುತ್ತಿದ್ದೆವು. ಅಣ್ಣ ಕುಡಿಯುತ್ತಿದ್ದರು; ಇಸ್ಪೀಟಿನಲ್ಲಿ ಸಂಬಳವನ್ನು ಕಳೆಯುತ್ತಿದ್ದರು; ಸಿಟ್ಟು ಬಂದರೆ ಸೌಟು ಹಾರುತ್ತಿತ್ತು. ಆದರೆ ನನ್ನ ಶಾಲೆಯ ಶುಲ್ಕವನ್ನು ಎರಡು ವರ್ಷ ಕಟ್ಟಿದವರು ಅವರೇ. ಪುಸ್ತಕ ಬೇಕೆಂದರೆ ಕೈಯಲ್ಲಿದ್ದುದನ್ನು ಎಣಿಸದೆ ಕೊಡುತ್ತಿದ್ದರು. ಶನಿವಾರ ರಾತ್ರಿ ಎಲ್ಲಿಯಾದರೂ ತಾಳಮದ್ದಳೆಯಿದ್ದರೆ ಹೋಟೆಲಿನ ಬಾಗಿಲು ಹಾಕಿದ ಮೇಲೆ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದರು. ಅವರಿಗೆ ‘ವಾಲಿವಧೆ’ ಎಂದರೆ ಪ್ರಾಣ. ಮರೆಯಲ್ಲಿ ನಿಂತು ಏಕೆ ಬಾಣ ಬಿಟ್ಟೆ ಎಂದು ವಾಲಿಯು ರಾಮನನ್ನು ಕೇಳುವಾಗ ಅವರು ಮುಂದಕ್ಕೆ ಬಾಗಿ ಕುಳಿತು, ಆ ಮಾತು ತಮ್ಮದೇ ಎಂಬಂತೆ ತಲೆಯಾಡಿಸುತ್ತಿದ್ದರು. ರಾಮನು ಉತ್ತರ ಹೇಳತೊಡಗಿ, ತಮ್ಮನ ಹೆಂಡತಿಯಾದ ರುಮೆಯನ್ನು ನೀನು ಇರಿಸಿಕೊಂಡೆಯಲ್ಲ ಎಂದಾಗ ಬೀಡಿ ಹಚ್ಚಲು ಎದ್ದು ಹೊರಗೆ ಹೋಗುತ್ತಿದ್ದರು.

ಅಣ್ಣ ತೀರಿಕೊಂಡ ಮೇಲೆ ನಾನು ಊರಿಗೆ ಹೋದಾಗ ಅವರ ಮನೆಯನ್ನು ಹುಡುಕಿಕೊಂಡು ಹೋದೆನು. ಅವರ ಪತ್ನಿ ಮಣೆ ಹಾಕಿ ಕುಳ್ಳಿರಿಸಿ ನೀರುಬೆಲ್ಲ ಕೊಟ್ಟರು. ಅಣ್ಣ ನನಗೆ ಮಾಡಿದ ಉಪಕಾರವನ್ನೆಲ್ಲ ಹೇಳಿದೆನು. ಅವರು ಕೊನೆಯವರೆಗೆ ಕೇಳಿ, “ನಿನ್ನನ್ನು ಓದಿಸಿದ್ದು ಸಂತೋಷ, ಮಗಾ. ಆ ವರ್ಷ ಇಲ್ಲಿ ಮಳೆಗಾಲಕ್ಕೆ ಅಕ್ಕಿಯಿರಲಿಲ್ಲ” ಎಂದರು. ದೂರುವ ಧ್ವನಿ ಅದಲ್ಲ. ನನಗೆ ತಿಳಿಯದ ಒಂದು ವಿಷಯವನ್ನು ತಿಳಿಸುವ ಧ್ವನಿ.

ಎರಡನೆಯ ಪ್ರಶ್ನೆಗೆ, ಎಂದರೆ ಆ ಹುಡುಗಿಯ ಪ್ರಶ್ನೆಗೆ, ನನ್ನಲ್ಲಿರುವ ಉತ್ತರವು ಆ ಮನೆಯ ಜಗಲಿಯಲ್ಲಿ ದೊರೆತುದು. ಅಣ್ಣನ ಮೇಲಿನ ನನ್ನ ಪ್ರೀತಿ ಅಂದು ಕಡಮೆಯಾಗಲಿಲ್ಲ. ಆದರೆ ಅವರ ಕಥೆ ನನಗೆ ತಿಳಿದಷ್ಟೇ ಅಲ್ಲವೆಂದು ಗೊತ್ತಾಯಿತು. ಪ್ರೀತಿಸುವುದು ಬೇರೆ, ಖುಲಾಸೆ ಮಾಡುವುದು ಬೇರೆ. ಕರ್ಣನನ್ನು ಪ್ರೀತಿಸುವವನು ಅವನ ಮೇಲಿನ ಆರೋಪವನ್ನು ಅಳಿಸಿಹಾಕುವ ವಕೀಲನಾಗಬೇಕಾಗಿಲ್ಲ. ವ್ಯಾಸಭಾರತದ ಸಭಾಪರ್ವದಲ್ಲಿ ಕರ್ಣನು ದ್ರೌಪದಿಯನ್ನು ಕುರಿತು ಆಡಿದ ಮಾತು ಕ್ರೂರವಾದುದು. ಹುಟ್ಟಿನ ಕಾರಣದಿಂದ ಸಭೆಯಲ್ಲಿ ಅವಮಾನಗೊಂಡವನು, ಅಂತಹುದೇ ಒಂದು ಸಭೆಯಲ್ಲಿ ಅಸಹಾಯಕಳಾದವಳ ಅವಮಾನಕ್ಕೆ ದನಿಗೂಡಿಸಿದನು. ಇದನ್ನು ಮರೆಯಬೇಕೆಂದು ಹೇಳುವವರು ಕರ್ಣನನ್ನು ಪ್ರೀತಿಸುವವರಲ್ಲ. ಅವನ ಪಟವನ್ನು ಪೂಜಿಸುವವರು. ಈ ಕಳಂಕವನ್ನು ಕಳೆದುಬಿಟ್ಟರೆ ಉಳಿಯುವವನು ಕರ್ಣನೇ ಅಲ್ಲ. ನೊಂದವನು ನೋಯಿಸುವವನೂ ಆಗಬಲ್ಲನೆಂಬುದೇ ಅವನ ಕಥೆ ನಮಗೆ ಹೇಳುವ ಕಠಿನವಾದ ಸತ್ಯ.

ಹನ್ನೆರಡನೆಯ ಶತಮಾನದ ಹೊತ್ತಿನ ನಾಗಚಂದ್ರನು ತನ್ನ ಜೈನರಾಮಾಯಣದಲ್ಲಿ ರಾವಣನನ್ನು ಚಿತ್ರಿಸಿದ ಬಗೆಯನ್ನು ಇಲ್ಲಿ ನೆನೆಯಬಹುದು. ಸೀತೆಯ ಸಂಕಟವನ್ನು ಕಂಡು ಅವನ ರಾವಣನ ಮನಸ್ಸು ತಿರುಗುತ್ತದೆ. ತಾನು ಮಾಡಿದುದು ತಪ್ಪೆಂದು ಅವನಿಗೆ ಅರಿವಾಗುತ್ತದೆ. ಆದರೂ ಈಗಲೇ ಒಪ್ಪಿಸಿದರೆ ಅಂಜಿ ಒಪ್ಪಿಸಿದನೆಂದು ಜನರು ನುಡಿದಾರೆಂದು, ಯುದ್ಧದಲ್ಲಿ ಗೆದ್ದು ಆಮೇಲೆ ಸೀತೆಯನ್ನು ಹಿಂದಿರುಗಿಸುವೆನೆಂದು ನಿಶ್ಚಯಿಸುತ್ತಾನೆ. ಅಭಿಮಾನವೆಂಬ ಒಂದೇ ಒಂದು ಗಂಟು ಅವನನ್ನು ಕೊಂದಿತು. ಓದುವಾಗ ನಮಗೆ ಅವನ ಮೇಲೆ ಮರುಕವುಂಟಾಗುತ್ತದೆ. ಆದರೆ ಸೀತೆಯು ಇನ್ನೂ ಸೆರೆಯಲ್ಲಿಯೇ ಇದ್ದಾಳೆಂಬುದನ್ನು ಕವಿಯು ಮರೆಸಿಲ್ಲ. ಮರುಕವೂ ತೀರ್ಪೂ ಒಂದೇ ಮನಸ್ಸಿನಲ್ಲಿ ಇರಬಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇನ್ನು ಕವಿಯ ಉದ್ದೇಶದ ಮಾತನ್ನೇ ಹಿಡಿದು ಕುಳಿತರೆ ಆ ಹುಡುಗಿಗೆ ನ್ಯಾಯ ದೊರೆಯದು. ರುಮೆಗೆ ರಾಮಾಯಣದಲ್ಲಿ ಎಷ್ಟು ಮಾತು ಇದೆ? ಅವಳಿಗಾಗಿ ಇಬ್ಬರು ಅಣ್ಣತಮ್ಮಂದಿರು ಹೋರಾಡಿದರು. ಅವಳ ಮನಸ್ಸನ್ನು ಯಾರೂ ಕೇಳಲಿಲ್ಲ. ವಾಲಿಯ ಪಕ್ಷವನ್ನು ಎತ್ತಿ ಮಾತನಾಡುವ ಸ್ವಾತಂತ್ರ್ಯ ಅರ್ಥಧಾರಿಗೆ ಇರುವುದಾದರೆ, ರುಮೆಯ ಪರವಾಗಿ ಕೇಳುವ ಸ್ವಾತಂತ್ರ್ಯ ಓದುಗಳಿಗೂ ಇರಲೇಬೇಕು. ದ್ರೌಪದಿಯಾದರೊ ತುಂಬಿದ ಸಭೆಯಲ್ಲಿ ತಾನೇ ಪ್ರಶ್ನೆ ಕೇಳಿದವಳು. ತನ್ನನ್ನು ತಾನು ಸೋತ ಮೇಲೆ ನನ್ನನ್ನು ಪಣವಿಡಲು ಧರ್ಮಜನಿಗೆ ಅಧಿಕಾರವೆಲ್ಲಿತ್ತು ಎಂದು ಅವಳು ಕೇಳಿದುದಕ್ಕೆ ಭೀಷ್ಮನಂತಹ ಭೀಷ್ಮನೂ ನೇರವಾದ ಉತ್ತರ ಕೊಡಲಿಲ್ಲ. ನಮ್ಮ ತರಗತಿಯಲ್ಲಿ ಎದ್ದು ನಿಂತ ಹುಡುಗಿಯು ಆ ಪ್ರಶ್ನೆಯ ಸಾಲಿಗೇ ಸೇರಿದವಳು.

ಹಳೆಯ ಕಾವ್ಯಗಳ ಮಾತಾಯಿತು. ನಮ್ಮ ಮುಂಬಯಿಯಲ್ಲಿಯೇ ಹುಟ್ಟಿದ ಕನ್ನಡ ಕಾದಂಬರಿಯೊಂದನ್ನೂ ನೋಡೋಣ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಜನಿಸಿ, ಬಾಳಿನ ಬಹುಭಾಗವನ್ನು ಈ ನಗರದಲ್ಲಿ ಕಳೆದು 2014ರಲ್ಲಿ ಇಲ್ಲಿಯೇ ನಿಧನರಾದ ಯಶವಂತ ಚಿತ್ತಾಲರು 1979ರಲ್ಲಿ ‘ಶಿಕಾರಿ’ಯನ್ನು ಪ್ರಕಟಿಸಿದರು. ಅದರ ನಾಯಕ ನಾಗಪ್ಪನು ಒಂದು ದೊಡ್ಡ ಕಂಪನಿಯ ಅಧಿಕಾರಿ. ಅವನು ಶೂರನಲ್ಲ, ಸಾಧುವೂ ಅಲ್ಲ. ಭಯ, ಸಂಶಯ, ತಡವರಿಕೆ ಇವೇ ಅವನ ಸಂಗಾತಿಗಳು. ಅವನ ಸುತ್ತ ನಡೆಯುವ ಪಿತೂರಿಯಲ್ಲಿ ನಿಜವೆಷ್ಟು, ಅವನ ಸಂಶಯ ಹೆಣೆದುದೆಷ್ಟು ಎಂಬುದು ಓದುಗನಿಗೆ ಸುಲಭವಾಗಿ ತಿಳಿಯುವುದಿಲ್ಲ. ಲೇಖಕರೂ ಬಂದು ಇದು ಹೀಗೆಂದು ಹೇಳಿಕೊಡುವುದಿಲ್ಲ. ನಾಗಪ್ಪನನ್ನು ನಾವು ಮೆಚ್ಚುತ್ತೇವೆಂದು ಹೇಳುವುದು ಕಷ್ಟ. ಆದರೆ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ನಿಂತಾಗ, ಎದುರಿಗಿರುವ ಅಪರಿಚಿತನ ಮುಖದಲ್ಲಿ ಅವನನ್ನು ಕಂಡಂತಾಗುತ್ತದೆ. ನೀವು ಕಾಲೇಜು ಸೇರಿದ ಮೇಲೆ ಆ ಕಾದಂಬರಿಯನ್ನು ತಪ್ಪದೆ ಓದಿರಿ.

ಒಮ್ಮೆ ಪುಸ್ತಕ ಅಚ್ಚಾಯಿತೆಂದರೆ ಪಾತ್ರದ ಮೇಲೆ ಲೇಖಕನ ಹಿಡಿತ ಎಷ್ಟರಮಟ್ಟಿನದೆಂಬುದಕ್ಕೆ ಷರ್ಲಾಕ್ ಹೋಮ್ಸನ ಕಥೆಯೇ ಸಾಕ್ಷಿ. ಆರ್ಥರ್ ಕಾನನ್ ಡಾಯ್ಲ್‌ಗೆ ಆ ಪತ್ತೇದಾರನು ಬೇಸರವಾಗಿಹೋಗಿದ್ದನು. 1893ರಲ್ಲಿ ಅವನನ್ನು ಜಲಪಾತದ ಬಳಿಯಲ್ಲಿ ಕೊಂದುಬಿಟ್ಟನು. ಹೋಮ್ಸನು ಅಹಂಕಾರಿ, ಮಾದಕದ್ರವ್ಯದ ಚಟವುಳ್ಳವನು. ಆದರೂ ಓದುಗರು ಅವನನ್ನು ಬಿಟ್ಟುಕೊಡಲು ಒಪ್ಪಲಿಲ್ಲ. 1903ರಲ್ಲಿ ಲೇಖಕನು ಅವನನ್ನು ಮತ್ತೆ ಬದುಕಿಸಬೇಕಾಯಿತು. ಹೆತ್ತವರಿಗೆ ಮಕ್ಕಳ ಮೇಲೆ ಆಸೆಗಳಿರುತ್ತವೆ. ಮಕ್ಕಳು ಹೊಸ್ತಿಲು ದಾಟಿದ ಮೇಲೆ ಲೋಕವು ಅವರನ್ನು ತನ್ನ ಕಣ್ಣಿನಿಂದ ನೋಡುತ್ತದೆ. ಕವಿಗೂ ಪಾತ್ರಕ್ಕೂ ಇರುವ ನಂಟು ಅಂತಹುದೇ.

ಮೊದಲನೆಯ ಹುಡುಗನಿಗೆ ಹೇಳಬೇಕಾದ ಮಾತೊಂದು ಉಳಿದಿದೆ. ಮಗೂ, ನೀನು ಕರ್ಣನನ್ನು ಮೆಚ್ಚಿದುದು ತಪ್ಪಲ್ಲ. ಯಾರ ಮಗನೆಂದು ಕೇಳದೆ ಆಸನ ಕೊಟ್ಟ ದುರ್ಯೋಧನನ ಆ ಒಂದು ನಡೆಯನ್ನು ಮೆಚ್ಚಿದುದೂ ತಪ್ಪಲ್ಲ. ಸಾವಿರ ವರ್ಷಗಳ ಹಿಂದೆ ಪಂಪನಿಗೂ ಕರ್ಣನು ಹೀಗೆಯೇ ಹಿಡಿಸಿದ್ದನು. ಆದರೆ ಒಂದು ಮಾತನ್ನು ನೆನಪಿನಲ್ಲಿಡು. ಆಸನ ಕೊಟ್ಟವನ ಋಣಕ್ಕಾಗಿ ಅವನು ಮಾಡಿದುದಕ್ಕೆಲ್ಲ ಹೌದೆನ್ನುತ್ತ ಹೋದುದೇ ಕರ್ಣನ ಬಾಳಿನ ಸೋಲು. ನಾಳೆ ನಿನಗೂ ಯಾರಾದರೂ ಆಸನ ಕೊಟ್ಟಾರು. ಅವರ ಋಣವನ್ನು ಮರೆಯಬೇಡ. ಆದರೆ ಅವರ ಸಭೆಯಲ್ಲಿ ಇನ್ನೊಬ್ಬರಿಗೆ ಅವಮಾನವಾಗುವಾಗ ಬಾಯಿ ಮುಚ್ಚಿ ಕುಳಿತಿರಬೇಡ. ಕರ್ಣನಿಂದ ಆಗದೆ ಹೋದುದನ್ನು ಮಾಡುವುದೇ ಕರ್ಣನನ್ನು ಪ್ರೀತಿಸುವವರು ಅವನಿಗೆ ಸಲ್ಲಿಸಬಹುದಾದ ಮರ್ಯಾದೆ.

ನಿರ್ದೋಷಿಗಳ ಕಥೆಯನ್ನು ಮಾತ್ರ ಓದಿದವನಿಗೆ ಮನುಷ್ಯರ ನಡುವೆ ಬಾಳುವುದು ಕಷ್ಟವಾದೀತು. ಚಾಳಿನಲ್ಲಿ, ಗಾಡಿಯಲ್ಲಿ, ನಮ್ಮ ಮನೆಗಳಲ್ಲಿಯೇ ನಾವು ದಿನವೂ ಕಾಣುವವರು ದೋಷವುಳ್ಳವರೇ. ಅವರನ್ನು ಹೇಗೆ ನೋಡಬೇಕೆಂಬುದನ್ನು ಕಾವ್ಯಗಳು ನಮಗೆ ಮೆಲ್ಲನೆ ಕಲಿಸುತ್ತವೆ. ಮುಂದಿನ ರಜೆಯಲ್ಲಿ ನೀವು ಯಾವ ಪುಸ್ತಕವನ್ನೇ ಕೈಗೆತ್ತಿಕೊಳ್ಳಿರಿ, ನಿಮ್ಮ ಮೆಚ್ಚಿನ ಪಾತ್ರವನ್ನು ಮನಸಾರೆ ಮೆಚ್ಚಿರಿ. ಬಳಿಕ ಆ ಪಾತ್ರದಿಂದ ನೊಂದವರು ಯಾರಾದರೂ ಆ ಪುಟಗಳಲ್ಲಿ ಇದ್ದಾರೆಯೆ ಎಂದು ಹುಡುಕಿರಿ. ಇದ್ದರೆ ಅವರ ಬಳಿಯೂ ಸ್ವಲ್ಪ ಹೊತ್ತು ಕುಳಿತು ಬನ್ನಿರಿ.